ಕೇಸಿನ ಕುತ್ತಿಗೆ

ಧನುಶ್ರೀ ಯಂತ್ರದ ಹಿಡಿಯನ್ನು ಕೆಳಗೆಳೆದಳು. ಹಾರಿಸಿದ ಗುಂಡಿನ ಖಾಲಿ ಹಿತ್ತಾಳೆ ಕೇಸು ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಹೊಕ್ಕು ಹೊರಬಂತು. ದೀಪಕ್ಕೆ ಹಿಡಿದು ನೋಡಿದರೆ ಕುತ್ತಿಗೆಯಲ್ಲಿ ಕೂದಲೆಳೆಯಂಥ ಸೀಳು. "ಇದೂ ಹಾಳಾಗೋಯ್ತು," ಎಂದು ಅದನ್ನು ಸೀಳಿದ ಕೇಸುಗಳ ಡಬ್ಬಿಗೆ ಎಸೆದಳು.

ಮುಂದಿನ ವಾರ ದೆಹಲಿಯಲ್ಲಿ ಮುನ್ನೂರು ಮೀಟರ್ ರೈಫಲ್ ತಂಡದ ಆಯ್ಕೆ. ನಾಳೆ ಸಂಜೆ ರೈಲು. ಹಿಂದೆ ಎರಡು ಸಲ ಕೂದಲೆಳೆಯಲ್ಲಿ ತಪ್ಪಿಹೋಗಿತ್ತು, ಈ ಸಲವೂ ತಪ್ಪಿದರೆ ಮೂವತ್ತಾರು ದಾಟಿದವಳನ್ನು ಮತ್ತೆ ಕರೆಯುವವರು ಯಾರೂ ಇಲ್ಲ. ಅವಳ ರೈಫಲ್ಲಿಗೆ ಹೊಂದುವ ಗುಂಡು ಅಂಗಡಿಯಲ್ಲಿ ಸಿಗುವ ಸರಕಲ್ಲ. ಲೈಸೆನ್ಸು, ಅನುಮತಿ ಎಲ್ಲ ಪಡೆದು, ಹಾರಿಸಿದ ಕೇಸನ್ನೇ ಡೈಯಲ್ಲಿ ಒತ್ತಿ ಹಳೆಯ ಅಳತೆಗೆ ತಂದು ಮತ್ತೆ ತುಂಬಿಕೊಳ್ಳಬೇಕು. ಹೊರದೇಶದಿಂದ ತರಿಸಿದ ಹೊಸ ಕೇಸುಗಳ ಪೆಟ್ಟಿಗೆ ಕಸ್ಟಮ್ಸಿನವರು ಬಿಡದೆ ಬಂದರಿನಲ್ಲಿ ಕೊಳೆಯುತ್ತಿತ್ತು. ಹಲ್ಲಿದ್ದಾಗ ಕಡಲೆಯಿಲ್ಲ ಅನ್ನುವುದು ಇದಕ್ಕೇ.

ಆದ್ದರಿಂದಲೇ ಅವಳು ಡೈ ಆರಿಸುವುದಕ್ಕೆ ಗಂಡು ಹುಡುಕುವವರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದಳು. ಮೊದಲಿನದು ಕೇಸನ್ನು ಅಡಿಯಿಂದ ಮುಡಿಯವರೆಗೆ ಹಿಂಡುವ ಡೈ. ಪ್ರತಿಸಲ ಹಿಂಡಿದಾಗಲೂ ಹಿತ್ತಾಳೆ ಹಿಗ್ಗಿ, ಬುಡದ ಹತ್ತಿರ ತೆಳುವಾಗಿ, ಕೊನೆಗೊಂದು ದಿನ ತುಂಡಾಗುತ್ತದೆ. ಅದನ್ನು ಬಿಟ್ಟು ಕುತ್ತಿಗೆಯನ್ನಷ್ಟೇ, ಅದೂ ಬೇಕಾದಷ್ಟೇ ಒತ್ತುವ ಡೈ ತರಿಸಿದ್ದಳು. ಮೈ ಮುಟ್ಟದಿದ್ದರೆ ಕೇಸಿಗೆ ಆಯಸ್ಸು ಹೆಚ್ಚು. ಲೆಕ್ಕವೇನೋ ಸರಿಯಾಗಿಯೇ ಇತ್ತು, ಆದರೂ ಕುತ್ತಿಗೆಗಳು ಸಾಲುಸಾಲಾಗಿ ಸೀಳುತ್ತಿದ್ದವು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳೂ ಬೆಳಗ್ಗೆಯಿಂದ ಡೈಯನ್ನೇ ಬೈಯುತ್ತಿದ್ದಳು.

ತಡೆಯಲಾರದೆ ಕೇಸುಗಳನ್ನು ಚೀಲಕ್ಕೆ ಸುರಿದುಕೊಂಡು, ಹಿಂದೆ ತನಗೆ ಶೂಟಿಂಗ್ ಕಲಿಸಿದ ಚೈತನ್ಯನ ಮನೆಗೆ, ಯಾದವಗಿರಿಗೆ, ಸ್ಕೂಟರ್ ಓಡಿಸಿದಳು. ಅವನ ಹತ್ತಿರ ಇನ್ನೊಂದು ಬಗೆಯ ಡೈ ಇತ್ತು. ಅವನು ಅದನ್ನು ಹೊರಗೆ ತೆಗೆಯಲೇ ಇಲ್ಲ. ಒಂದು ಕೇಸನ್ನು ಭೂತಗನ್ನಡಿಯಡಿ ತಿರುಗಿಸಿ ತಿರುಗಿಸಿ ನೋಡಿದ.

"ಯಾವ ಡೈ ಹಾಕಿದ್ರೂ ಇದು ಸೀಳೋದೇ ಕಣೇ. ಅಮೋನಿಯಾ ತಗುಲಿದೆ, ಹಿತ್ತಾಳೆ ಒಳಗೊಳಗೇ ಸತ್ತೋಗಿದೆ. ಯಾತರಲ್ಲಿ ತೊಳೆದೆ?"

"ನಾನೆಲ್ಲಿ ತೊಳೆದೆ?"

"ಮತ್ತೆ ಇಷ್ಟು ಹೊಳಪು ಎಲ್ಲಿಂದ ಬಂತು? ಇವನ್ನ ಹಾರಿಸ್ಬೇಡ. ಕೇಸು ಒಡೆದ್ರೆ ಬಿಸಿ ಗಾಳಿ ಮುಖಕ್ಕೇ ನುಗ್ಗುತ್ತೆ."

ಆಗ ಧನುಶ್ರೀಗೆ ನೆನಪಾಯಿತು.

ಅವಳ ಅಮ್ಮ ಪ್ರೇಮಲೀಲಾಗೆ ರೈಫಲ್ ಕಂಡರೆ ಆಗುತ್ತಿರಲಿಲ್ಲ. "ಹೆಣ್ಮಗಳ ಕೈಗೆ ಕೋವಿ ಯಾಕೆ?" ಎಂದು ಶುರುವಾದ ಜಗಳ ಮಾತೇ ನಿಲ್ಲುವವರೆಗೂ ಹೋಗಿ, ಎಷ್ಟೋ ವರ್ಷ ರೈಫಲ್ ಇಡುವ ಕೋಣೆಯ ಹೊಸ್ತಿಲನ್ನು ಆಕೆ ದಾಟಿರಲಿಲ್ಲ. ಕಳೆದ ವಾರದ ಆಯುಧಪೂಜೆಗೆ ಮಾತ್ರ, ಯಾರೂ ಹೇಳದೆ, ರೈಫಲ್ಲಿಗೆ ವಿಭೂತಿ ಹಚ್ಚಿ ಸೇವಂತಿಗೆ ಏರಿಸಿದ್ದರು. ಅದರ ಮುಂದೆ ತಟ್ಟೆ ತುಂಬ ಕೇಸುಗಳು ಬಂಗಾರದಂತೆ ಫಳಫಳ ಹೊಳೆಯುತ್ತಿದ್ದವು. ಹುಣಸೆಹಣ್ಣಲ್ಲಿ ಉಜ್ಜಿರಬೇಕು ಎಂದುಕೊಂಡು ಧನುಶ್ರೀ ಅಂದು ಕಣ್ಣೊರೆಸಿಕೊಂಡಿದ್ದಳು.

ಮನೆಗೆ ಬಂದವಳೇ ಅಡುಗೆಮನೆಯ ಸಿಂಕಿನ ಕೆಳಗೆ ತಡಕಿದಳು. ದೀಪದ ಕಂಬ ಬೆಳಗುವ ಪಾಲಿಶ್ ಬಾಟಲಿ ಸಿಕ್ಕಿತು. ಮುಚ್ಚಳ ತೆಗೆದರೆ ಅಮೋನಿಯಾ ಘಾಟಿಗೆ ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ.

"ಅದಾ?" ಹಿಂದಿನಿಂದ ಪ್ರೇಮಲೀಲಾ ನಕ್ಕರು. "ನಿನ್ನ ಕೇಸಿಗೆ ಅದನ್ನೇ ಹಾಕಿದ್ದು ಕಣಮ್ಮ. ಹುಣಸೆಹಣ್ಣಿಗೆ ಬಗ್ಗಲಿಲ್ಲ ನೋಡು, ಆ ಮಸಿ. ರಾತ್ರಿಯೆಲ್ಲ ಅದ್ರಲ್ಲೇ ನೆನೆಹಾಕ್ಬುಟ್ಟೆ. ಒಂದೂ ಬಿಟ್ಟಿಲ್ಲ."

ಒಂದೂ ಬಿಟ್ಟಿಲ್ಲ. ಧನುಶ್ರೀಗೆ ಕಿರುಚಬೇಕೆನಿಸಿತು, ಬಾಟಲಿಯನ್ನು ಗೋಡೆಗೆ ಅಪ್ಪಳಿಸಬೇಕೆನಿಸಿತು. ಇಷ್ಟು ವರ್ಷದ ಬೆವರನ್ನು ಒಂದೇ ರಾತ್ರಿಯಲ್ಲಿ ನೆನೆಹಾಕಿ ಕೊಂದೆಯಲ್ಲಮ್ಮ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಅಮ್ಮನ ಕೈ ನೋಡಿದಳು. ಉಜ್ಜಿ ಉಜ್ಜಿ ಬೆರಳ ತುದಿಯ ಚರ್ಮ ಸುಲಿದಿತ್ತು.

"ಯಾಕಮ್ಮ, ಅಳ್ತಿದೀಯ?" ಎಂದರು ಪ್ರೇಮಲೀಲಾ.

"ವಾಸನೆಗೆ."

"ನಾಳೆ ಊರಿಗೆ ಹೊರಟೋಳು ಮುಖ ಹಿಂಗೆ ಮಾಡ್ಕೊಬಾರ್ದು ಕಣಮ್ಮ." ಮಗಳ ಕೈಯಲ್ಲಿದ್ದ ಚೀಲ ಬಿಚ್ಚಿ ನೋಡಿದರು. "ಅಯ್ಯೋ, ಆಗ್ಲೇ ಒಂಚೂರು ಮಂಕಾಗ್ಬುಟ್ಟಿವೆ. ತಾ ಇಲ್ಲಿ, ಇನ್ನೊಂದ್ಸಲ ಬೆಳಗಿ ಕೊಡ್ತೀನಿ. ದೆಹಲಿಯೋರು ನೋಡ್ಲಿ."

ಧನುಶ್ರೀ ಒಂದು ಗಳಿಗೆ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಅಮ್ಮನ ಕೈಗೆ ಕೊಟ್ಟಳು.

ಪ್ರೇಮಲೀಲಾ ನೆಲದ ಮೇಲೆ ಕೂತು, ಸೆರಗು ಸಿಕ್ಕಿಸಿ, ಬಟ್ಟೆಗೆ ಪಾಲಿಶ್ ಸುರಿದುಕೊಂಡರು. ಧನುಶ್ರೀ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಆಯ್ಕೆಗೆ ಬರಲಾಗುವುದಿಲ್ಲ ಎಂದು ತಿಳಿಸಲು ಫೋನ್ ಎತ್ತಿಕೊಂಡಳು. ಅತ್ತ ಕಡೆಯವರು ಕಾರಣ ಕೇಳಿದರು. ಆಚೆಯಿಂದ ಉಜ್ಜುವ ಸದ್ದು ಕೇಳುತ್ತಲೇ ಇತ್ತು.

"ಮನೇಲಿ ಪೂಜೆ ಇದೆ," ಎಂದಳು.