ಪೂರ್ತಿ ಅಂಕ ಕೊಟ್ಟು ಫೇಲು ಮಾಡಿದ್ದು

ಲೈಸೆನ್ಸ್ ಕಚೇರಿಯಲ್ಲಿ ಡ್ರೈವಿಂಗ್ ಪರೀಕ್ಷೆ ನಡೆಸುವ ಆ ಹೆಂಗಸು ಯಾಕಾಗಿ ಆ ಕೆಲಸಕ್ಕೆ ಸೇರಿದಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಬಳ ಅಷ್ಟಕ್ಕಷ್ಟೆ. ಬ್ರೇಕು ಯಾವುದು, ಕ್ಲಚ್ಚು ಯಾವುದು ಎಂದು ತಡಕಾಡುವವರ ಪಕ್ಕದಲ್ಲಿ ದಿನವಿಡೀ ಜೀವ ಕೈಯಲ್ಲಿ ಹಿಡಿದು ಕೂರಬೇಕು. ಬೇರೆ ಕಡೆ ಇದಕ್ಕಿಂತ ಒಳ್ಳೆಯ ಕೆಲಸ ಸಿಕ್ಕಾಗಲೂ ಅವಳು ಕದಲಲಿಲ್ಲ. ಅವಳು ಒಬ್ಬನಿಗಾಗಿ ಕಾಯುತ್ತಿದ್ದಳು. ಅರವತ್ತೈದು ದಾಟಿದವರು ಮತ್ತೆ ಪರೀಕ್ಷೆ ಕೊಟ್ಟು ಪಾಸಾದರಷ್ಟೇ ಲೈಸೆನ್ಸ್ ಉಳಿಯುತ್ತದೆ ಎಂಬ ನಿಯಮವಿತ್ತು. ಅವನಿಗೂ ಒಂದು ದಿನ ಅರವತ್ತೈದು ಆಗಲೇಬೇಕಲ್ಲ!

ಅವನು ಊರಿಗೆಲ್ಲ ದೊಡ್ಡ ಡ್ರೈವಿಂಗ್ ಶಾಲೆಯ ಯಜಮಾನ. ಆದರೆ ಆ ಶಾಲೆ ಕಟ್ಟಿದವನು ಅವನಲ್ಲ, ಅವಳ ಸೋದರಮಾವ.

ಮಾವ ಎಂದರೆ ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ. ಮದುವೆಯ ಮಾತೆತ್ತಿದರೆ, “ಅಕ್ಕಾ, ಕಾರಿಗೂ ಹೆಂಡತಿಗೂ ಒಟ್ಟಿಗೆ ನ್ಯಾಯ ಮಾಡೋಕೆ ನನ್ ಕೈಲಾಗಲ್ಲ” ಎಂದು ನಕ್ಕು ಜಾರಿಕೊಳ್ಳುತ್ತಿದ್ದ. ಅವಳಿಗೆ ಅವನು ಮಾವನಿಗಿಂತ ಹೆಚ್ಚಾಗಿ ಗೆಳೆಯ. ಚಿಕ್ಕಂದಿನಲ್ಲಿ ಅವಳು ಅತ್ತರೆ ಕಾರಿನ ಹಾರ್ನಿನ ಹಾಗೆ ಇಡೀ ಬೀದಿಗೆ ಕೇಳಿಸುತ್ತಿತ್ತಾದ್ದರಿಂದ ಅವನು ಅವಳನ್ನು ‘ಹಾರನ್ನು’ ಎಂದೇ ಕರೆಯುತ್ತಿದ್ದ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಅವಳು ಮೊದಲು ಹೇಳುತ್ತಿದ್ದದ್ದು ಅವನಿಗೆ. ಅವನು ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಎರಡು ಸುತ್ತು ಹೊಡೆಸಿ, ಆಮೇಲೆ ಅಮ್ಮನ ಮುಂದೆ ನಿಲ್ಲಿಸುತ್ತಿದ್ದ.

ಕಾರೆಂದರೆ ಅವನಿಗೆ ಪ್ರಾಣ. ಬೀದಿಯ ತಿರುವಿನಲ್ಲಿ ಗಾಡಿಯ ಸದ್ದು ಕೇಳಿದರೆ ಸಾಕು, ತಲೆ ಎತ್ತದೆಯೇ ಅದು ಯಾವ ಗಾಡಿ, ಯಾರದ್ದು, ಅದಕ್ಕೆ ಏನು ಕಾಯಿಲೆ ಎಂದು ಹೇಳಿಬಿಡುತ್ತಿದ್ದ. ಬೆಳಿಗ್ಗೆ ಹೊರಡುವ ಮೊದಲು ಕಾರಿನ ಸುತ್ತ ಒಂದು ಸಲ ನಡೆದು, ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ ಬಾನೆಟ್ ಮೇಲೆ ಅಂಗೈ ಇಡುತ್ತಿದ್ದ. ಕಲಿಯಲು ಬಂದವರಿಗೆಲ್ಲ ಅವನು ಹೇಳುತ್ತಿದ್ದದ್ದು ಒಂದೇ ಮಾತು: “ಹಿಂದೆ ಕೂತೋರ ನಿದ್ದೆ ಕೆಡಬಾರದು. ಅಷ್ಟು ಬಂದ್ರೆ ನಿಮಗೆ ಡ್ರೈವಿಂಗ್ ಬಂತು ಅಂತ.” ಅವನ ಗಾಡಿಯಲ್ಲಿ ಹಿಂದಿನ ಸೀಟಿನಲ್ಲಿ ಕೂತ ಅಮ್ಮ, ಗಾಡಿ ಮನೆ ಬಾಗಿಲಿಗೆ ಬಂದು ನಿಂತರೂ ನಿದ್ದೆಯಿಂದ ಏಳುತ್ತಿರಲಿಲ್ಲ.

ಈ ಯಜಮಾನ ಆಗ ಮಾವನ ಶಿಷ್ಯ. ಕೈ ಹಿಡಿದು ಕಲಿಸಿದ ಮಾವ ಆಮೇಲೆ ಅವನನ್ನೇ ಪಾಲುದಾರನನ್ನಾಗಿ ಮಾಡಿಕೊಂಡ. ಅಮ್ಮ ಬಡಿಸಿದ ಊಟವನ್ನು ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಒಂದು ದಿನ ಶಿಷ್ಯ ಶಾಲೆಯ ಗಾಡಿಯನ್ನು ಹಿಂದೆ ಮುಂದೆ ನೋಡದೆ ಗೇಟಿನಿಂದ ರಿವರ್ಸ್ ತೆಗೆದು, ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಂಚೆಯವನ ಮೇಲೆ ಹತ್ತಿಸಿಬಿಟ್ಟ. ಮಾವ ಪಕ್ಕದ ಸೀಟಿನಲ್ಲಿದ್ದ. ಶಿಷ್ಯನ ಕೈಕಾಲು ನಡುಗುತ್ತಿದ್ದವು, ಅಂಚೆಯವನಿಗೆ ಪ್ರಜ್ಞೆ ಇರಲಿಲ್ಲ. ಮಾವನೇ ಇಳಿದು ಆ ಮನುಷ್ಯನನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಶಿಷ್ಯನನ್ನು ಪಕ್ಕಕ್ಕೆ ಸರಿಸಿ, ತಾನೇ ಸ್ಟೀರಿಂಗ್ ಹಿಡಿದು ಆಸ್ಪತ್ರೆಗೆ ಓಡಿಸಿದ. ಅಂಚೆಯವನು ಬದುಕಿದ, ಕಾಲು ಹೋಯಿತು; ಓಡಿಸುತ್ತಿದ್ದವರು ಯಾರೆಂದು ಅವನು ನೋಡಿರಲಿಲ್ಲ. ಆಸ್ಪತ್ರೆಯವರು ಡ್ರೈವರ್ ಸೀಟಿನಿಂದ ಇಳಿದವನನ್ನು ನೋಡಿದ್ದರು. ವಿಚಾರಣೆಯಲ್ಲಿ ಶಿಷ್ಯ ಕಣ್ಣು ಮಿಟುಕಿಸದೆ, “ಅವರೇ ಓಡಿಸ್ತಿದ್ದಿದ್ದು ಸಾರ್” ಎಂದುಬಿಟ್ಟ.

ಮಾವ ತಲೆ ಚಚ್ಚಿಕೊಂಡು ಹೇಳಿದ, ಯಾರೂ ನಂಬಲಿಲ್ಲ. ಲೈಸೆನ್ಸ್ ರದ್ದಾಯಿತು, ಅದೂ ಜೀವನಪೂರ್ತಿ. ಶಾಲೆ ತಾನಾಗಿಯೇ ಶಿಷ್ಯನ ಕೈಗೆ ಹೋಯಿತು. ಆಮೇಲೆ ಮಾವ ಬದುಕಿದ್ದೂ ಸತ್ತ ಹಾಗೆ ಇದ್ದ. ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ, ಹೊರಗೆ ಗಾಡಿ ಹೋದರೆ ಯಾವುದೆಂದು ಹೇಳುತ್ತಿರಲಿಲ್ಲ. ಕೊನೆಗೆ ಹಾಸಿಗೆ ಹಿಡಿದಾಗ, ಹೊದಿಕೆಯೊಳಗೆ ಅವನ ಎಡಗಾಲು ಮೆಲ್ಲಗೆ ಒತ್ತಿ ಮೆಲ್ಲಗೆ ಬಿಡುತ್ತಿತ್ತು. ಡಾಕ್ಟರು ನರದ ತೊಂದರೆ ಎಂದರು. ಅವಳಿಗೆ ಮಾತ್ರ ಅವನು ಕ್ಲಚ್ಚು ಒತ್ತಿ ಯಾವುದೋ ಏರು ಹತ್ತಿಸುತ್ತಿದ್ದಾನೆ ಎಂದು ತಿಳಿಯಿತು. ಆ ಕಾಲನ್ನು ಹಿಡಿದುಕೊಂಡೇ ಅವಳು ಶಪಥ ಮಾಡಿದಳು. ಒಳ್ಳೆಯ ಶಪಥವೇನಲ್ಲ, ಹಲ್ಲು ಕಚ್ಚಿ ಮಾಡಿದ್ದು.

ಅವನು ಬಂದೇ ಬಂದ. ಬಿಳಿ ಅಂಗಿ, ಪಾಲಿಶ್ ಹೊಡೆದ ಬೂಟು, ಜೊತೆಗೆ ಊರಿನವರೆಲ್ಲ ತನ್ನ ಕೈಯಲ್ಲೇ ಕಲಿತವರೆಂಬ ಗತ್ತು. ಎರಡು ಜಡೆಯ ಹುಡುಗಿಯಾಗಿದ್ದವಳ ಗುರುತು ಅವನಿಗೆ ಹತ್ತಲಿಲ್ಲ.

“ಈ ವಯಸ್ಸಲ್ಲಿ ನನಗೂ ಟೆಸ್ಟ್ ಅಂತೀರಲ್ಲ ಮೇಡಂ” ಎಂದು ನಕ್ಕ.

“ರೂಲ್ಸು ಸಾರ್, ಎಲ್ಲರಿಗೂ ಒಂದೇ” ಎಂದು ಇವಳೂ ನಕ್ಕಳು. ನಗು ಕಹಿಯಾಗಿತ್ತು, ಆದರೂ ನಕ್ಕಳು.

ಅವಳ ಲೆಕ್ಕಾಚಾರ ಸರಳವಾಗಿತ್ತು. ವಯಸ್ಸಾದವನು, ಒಂದಲ್ಲ ಒಂದು ಕಡೆ ಎಡವುತ್ತಾನೆ. ಎಡವದಿದ್ದರೆ ಇವಳೇ ಎಡವಿದನೆಂದು ಬರೆಯುತ್ತಾಳೆ. ಸುಳ್ಳಿಗೆ ಸುಳ್ಳು, ಅದರಲ್ಲಿ ಅವಳಿಗೆ ಏನೂ ಅಳುಕಿರಲಿಲ್ಲ. ಲೈಸೆನ್ಸ್ ಹೋದರೆ ಶಾಲೆಯ ಯಜಮಾನಿಕೆಯೂ ಹೋಗುತ್ತದೆ. ಅವನೂ ಒಂದು ಕಿಟಕಿ ನೋಡಿಕೊಂಡು ಕೂರಲಿ!

ಅವನು ಕಾರಿನ ಸುತ್ತ ಒಂದು ಸಲ ನಡೆದ. ಬಾನೆಟ್ ಮೇಲೆ ಅಂಗೈ ಇಟ್ಟ. ಅವಳು ಅಂಕಪಟ್ಟಿಯಿಂದ ತಲೆಯೆತ್ತಿದಳು.

ಗಾಡಿ ಹೊರಟದ್ದು ಗೊತ್ತಾಗಲಿಲ್ಲ, ಗೇರು ಬಿದ್ದದ್ದು ಕೇಳಿಸಲಿಲ್ಲ. ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ನುಗ್ಗದೆ, ಹಾರ್ನ್ ಒತ್ತದೆ, ಮುದುಕಿಯೊಬ್ಬಳು ರಸ್ತೆ ದಾಟುವವರೆಗೆ ಕಾದು ಮುಂದೆ ಹೋದ. ಬೇಕೆಂದೇ ಅವಳು ಊರಿನ ಅತಿ ಕಡಿದಾದ ಏರಿಗೆ ಕರೆದುಕೊಂಡು ಹೋಗಿ ಅರ್ಧದಲ್ಲಿ ನಿಲ್ಲಿಸಲು ಹೇಳಿದಳು. ಎಂಥೆಂಥವರ ಬೆವರಿಳಿಸಿದ ಜಾಗ ಅದು. ಅವನು ನಿಲ್ಲಿಸಿದ, ಮತ್ತೆ ಹೊರಟ. ಅವಳ ತಲೆ ಸೀಟಿನ ಹಿಂಬದಿಗೆ ತಾಗಲೂ ಇಲ್ಲ. ಅವಳು ಕಣ್ಣು ಮುಚ್ಚಿದಳು. ಪರೀಕ್ಷೆ ನಡೆಸುವವರು ಕಣ್ಣು ಮುಚ್ಚಬಾರದು, ಆದರೂ ಮುಚ್ಚಿದಳು. ಪಕ್ಕದಲ್ಲಿ ಮಾವ ಇದ್ದ. ಇನ್ನೇನು ‘ಏನೇ ಹಾರನ್ನು, ಗಣಿತದಲ್ಲಿ ಎಷ್ಟು ಬಂತು?’ ಎಂದು ಕೇಳುತ್ತಾನೆ ಎನ್ನಿಸಿತು. ಕಣ್ಣು ತೆರೆದರೆ ಸ್ಟೀರಿಂಗ್ ಮೇಲೆ ಆ ಪಾಪಿಯ ಕೈ. ಮಾವನ ವಿದ್ಯೆಯೆಲ್ಲ ಕಡೆಗೆ ಉಳಿದದ್ದು ಈ ಕೈಯಲ್ಲೇ ಎಂದು ಅವಳಿಗೆ ಹೊಟ್ಟೆ ಉರಿಯಿತು. ಅವಳಿಗೂ ಮಾವನೇ ಕಲಿಸಿದ್ದ, ಆದರೆ ಆ ಏರಿನಲ್ಲಿ ಅವಳ ಗಾಡಿ ಇವತ್ತಿಗೂ ಒಮ್ಮೆ ಮುಗ್ಗರಿಸಿಯೇ ಹೊರಡುವುದು.

ಇದನ್ನು ಹೇಗೆ ಫೇಲು ಮಾಡುವುದು? ಈ ಡ್ರೈವಿಂಗ್ ಸರಿಯಿಲ್ಲ ಎಂದು ಬರೆದರೆ ಮಾವನ ಡ್ರೈವಿಂಗ್ ಸರಿಯಿಲ್ಲ ಎಂದು ಬರೆದ ಹಾಗೆ. ಮಾವನ ಮೇಲೆ ಒಮ್ಮೆ ಬರೆದ ಸುಳ್ಳೇ ಸಾಲದೆ? ಅವಳ ಕೈಯಲ್ಲಿದ್ದ ಪೆನ್ನು ಭಾರವಾಯಿತು. ಒಂದೇ ಒಂದು ಮಾತು, ಅವನ ಬಾಯಿಂದ ಮಾವನ ಬಗ್ಗೆ ಒಂದು ಒಳ್ಳೆಯ ಮಾತು ಬಂದರೆ ಬಿಟ್ಟುಬಿಡುತ್ತೇನೆ ಎಂದುಕೊಂಡಳು. ನಿಜವಾಗಿಯೂ ಬಿಟ್ಟುಬಿಡುತ್ತಿದ್ದಳು.

“ತುಂಬಾ ಚೆನ್ನಾಗಿ ಓಡಿಸ್ತೀರಿ ಸಾರ್. ಯಾರು ಕಲಿಸಿದ್ದು?”

ಅವನು ಕನ್ನಡಿ ನೋಡಿಕೊಂಡು ಇಂಡಿಕೇಟರ್ ಹಾಕಿದ. “ಯಾರು ಕಲಿಸ್ತಾರೆ ಮೇಡಂ? ಎಲ್ಲಾ ಸ್ವಂತ ಬುದ್ಧಿ.”

ಅಲ್ಲಿಗೆ ಮುಗಿಯಿತು. ಅವಳ ಕೈ ಹಗುರವಾಯಿತು.

ಕಚೇರಿಯ ಅಂಗಳದಲ್ಲಿ ಗಾಡಿ ನಿಂತ ಮೇಲೆ ಅವಳು ಅಂಕಪಟ್ಟಿ ತುಂಬಿದಳು. ಹೊರಡುವುದು, ನಿಲ್ಲಿಸುವುದು, ತಿರುವು, ಏರು, ಎಲ್ಲಕ್ಕೂ ಪೂರ್ತಿ ಅಂಕ. ಒಂದು ಅಂಕವನ್ನೂ ಕಳೆಯಲಿಲ್ಲ. ಕೆಳಗೆ ಫಲಿತಾಂಶದ ಎದುರು ‘ಫೇಲು’ ಎಂದು ಬರೆದು, ಕಾರಣದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು: ‘ಡ್ರೈವಿಂಗಿನಲ್ಲಿ ದೋಷವಿಲ್ಲ. ಅದನ್ನು ಕಲಿಸಿದವರು ನನ್ನ ಸೋದರಮಾವ. ಅಂಚೆಯವನ ಕಾಲು ಹೋದ ಅಪಘಾತದಲ್ಲಿ ಗಾಡಿ ಓಡಿಸುತ್ತಿದ್ದವರು ಈ ಅಭ್ಯರ್ಥಿ. ತಪ್ಪನ್ನು ಗುರುವಿನ ತಲೆಗೆ ಕಟ್ಟಿದರು. ಇಂಥವರ ಕೈಗೆ ಗಾಡಿ ಕೊಡಲಾಗದು.’ ಸಹಿ ಹಾಕಿ ಅವನ ಕೈಗೆ ಕೊಟ್ಟಳು.

ಓದುತ್ತ ಓದುತ್ತ ಅವನ ಮುಖದ ಬಣ್ಣ ಇಳಿಯಿತು. ಕಾಗದದಿಂದ ತಲೆಯೆತ್ತಿ ಅವಳ ಮುಖವನ್ನೇ ದಿಟ್ಟಿಸಿದ. “ನೀನು... ಅಕ್ಕನ ಮಗಳಾ?”

“ಹೌದು. ನೀವು ಯಾರ ಮನೇಲಿ ಊಟ ಮಾಡ್ತಿದ್ರೋ ಆ ಅಕ್ಕನ ಮಗಳು.”

“ಹೀಗೆಲ್ಲಾ ಬರೆಯೋಕೆ ನಿನಗೆ ಅಧಿಕಾರ ಇಲ್ಲ. ಅಪೀಲು ಹಾಕ್ತೀನಿ. ನಿನ್ ಕೆಲಸ ಹೋಗುತ್ತೆ, ಗೊತ್ತಾ?”

“ಗೊತ್ತು. ಹೋಗಲಿ. ಅಪೀಲು ಹಾಕಿ, ನಿಮ್ಮ ದಮ್ಮಯ್ಯ, ಹಾಕಿ. ಅಲ್ಲಿ ಇಬ್ಬರನ್ನೂ ಪ್ರಮಾಣ ಮಾಡಿಸಿ ಕೇಳ್ತಾರೆ. ಅಂಚೆಯವರು ಇನ್ನೂ ಇದಾರೆ, ಅವರನ್ನೂ ಕರೆಸ್ತೀನಿ. ಅವರ ಮುಖ ನೋಡ್ಕೊಂಡು ಇನ್ನೊಂದು ಸಲ ಹೇಳಿ, ಯಾರು ಓಡಿಸ್ತಿದ್ರು ಅಂತ.”

ಅವನು ಕಾಗದವನ್ನು ಸೀಟಿನ ಮೇಲೆ ಬಿಟ್ಟು ಇಳಿದು ನಡೆದ.

ಅಪೀಲಿಗೆ ಒಂದು ತಿಂಗಳ ಗಡುವು. ಅವಳು ದಿನಾ ಟಪಾಲಿನ ಮೇಜಿನ ಹತ್ತಿರ ಹೋಗಿ ಕೇಳುತ್ತಿದ್ದಳು. ತನ್ನ ಖಾನೆಯಲ್ಲಿದ್ದ ಊಟದ ಡಬ್ಬಿ, ಕೊಡೆ ಎಲ್ಲವನ್ನೂ ಮನೆಗೆ ಸಾಗಿಸಿ ಕೆಲಸ ಬಿಡಲು ಸಿದ್ಧಳಾಗಿದ್ದಳು. ಅಪೀಲು ಬರಲಿಲ್ಲ. ಗಡುವು ಮುಗಿದ ದಿನ ಮೇಲಧಿಕಾರಿ ಅವಳನ್ನು ಒಳಗೆ ಕರೆದು ಕೆಂಡಕಾರಿದ. ಆಮೇಲೆ ಕನ್ನಡಕ ತೆಗೆದು, “ಬರೆದಿದ್ದು ತಪ್ಪು ಕಣಮ್ಮ. ಆದರೆ ಆ ಮನುಷ್ಯ ಪ್ರಶ್ನೆ ಮಾಡಲಿಲ್ಲವಲ್ಲ. ಅಂದ್ಮೇಲೆ ಬರೆದಿದ್ದನ್ನ ಒಪ್ಪಿಕೊಂಡ ಹಾಗೇ ಲೆಕ್ಕ” ಎಂದ. ಶಾಲೆಯ ಬೋರ್ಡು ಇಳಿಯಿತು. ಕೆಲವು ದಿನಗಳ ಮೇಲೆ ಬಸ್ ನಿಲ್ದಾಣದಲ್ಲಿ, ನೂಕುನುಗ್ಗಲಿನ ನಡುವೆ ಚೀಲ ಹಿಡಿದು ನಿಂತ ಅವನನ್ನು ಅವಳು ಕಣ್ತುಂಬ ನೋಡಿದಳು. ಹೊಟ್ಟೆ ತಣ್ಣಗಾಯಿತು, ಸುಳ್ಳೇಕೆ ಹೇಳಬೇಕು.

ಆ ಖುಷಿಯಲ್ಲೇ ಮನೆಗೆ ಬಂದು, ಅದುವರೆಗೆ ಬಚ್ಚಿಟ್ಟಿದ್ದನ್ನೆಲ್ಲ ಅಮ್ಮನಿಗೆ ಹೇಳಿದಳು. ಅಮ್ಮ ಬಟ್ಟೆ ಮಡಿಸುತ್ತಿದ್ದಳು. ತಮ್ಮನ ಹೆಸರಿಗೆ ಅಂಟಿದ ಮಸಿ ತೊಳೆದದ್ದಕ್ಕೆ ಮಗಳನ್ನು ಅಪ್ಪಿಕೊಳ್ಳುತ್ತಾಳೆ, ಆ ಕೃತಘ್ನನಿಗೆ ಇನ್ನೆರಡು ಶಾಪ ಹಾಕುತ್ತಾಳೆ ಎಂದು ಇವಳು ಕಾದಳು.

ಅಮ್ಮ ಕೇಳಿದ್ದು ಬೇರೆ. “ನಿಜವಾಗ್ಲೂ ಅವನ ಥರಾನೇ ಓಡಿಸಿದ್ನಾ?”

“ಹೂಂ ಅಮ್ಮ. ಮಾವನ ಥರಾನೇ. ಒಂದು ಚೂರೂ ವ್ಯತ್ಯಾಸ ಇರಲಿಲ್ಲ.”

ಅಮ್ಮ ಮಡಿಸಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಿಸತೊಡಗಿದಳು. ಕೈ ಅಲ್ಲೇ ನಿಂತಿತು.

“ಫೇಲು ಮಾಡೋಕ್ ಮುಂಚೆ ಒಂದೇ ಒಂದು ಸಲ ನನ್ನನ್ನೂ ಆ ಗಾಡೀಲಿ ಕೂರಿಸಬಾರದಿತ್ತೇನೇ?” ಎಂದಳು. “ಓಡಿಸೋನ ಮುಖ ನೋಡ್ತಿರಲಿಲ್ಲ ಕಣೆ. ಕಣ್ಣು ಮುಚ್ಕೊಂಡು ಹಿಂದೆ ಕೂತಿರ್ತಿದ್ದೆ.”

ಆ ಅಂಕಪಟ್ಟಿಯನ್ನು ಮತ್ತೆ ಮುಂದಿಟ್ಟರೆ ಈಗಲೂ ಮಗಳು ಅದನ್ನೇ ಬರೆಯುತ್ತಿದ್ದಳು, ಅದರಲ್ಲಿ ಅನುಮಾನವಿಲ್ಲ. ಆದರೆ ಅಮ್ಮನ ಮುಖ ನೋಡಿಕೊಂಡು ಹಾಗೆ ಹೇಳದೆ, ಅವಳು ಸೀರೆಯ ಇನ್ನೊಂದು ತುದಿ ಹಿಡಿದಳು.