ಲಿಫ್ಟಣ್ಣನ ಕೈರುಚಿ

ಲಿಫ್ಟ್ ರಿಪೇರಿ ಮಾಡುವವನೇ ಮೆಟ್ಟಿಲು ಹತ್ತಿಕೊಂಡು ಹೋದರೆ ನೋಡಿದವರು ಏನೆಂದುಕೊಳ್ಳಬೇಕು? ಅವರದೇನೂ ತಪ್ಪಿಲ್ಲ. ಒಂಬತ್ತನೇ ಮಹಡಿಯ ಮೇಲಿನ ಮೋಟಾರು ನೋಡಲು ಬಂದ ಲಿಫ್ಟಣ್ಣ ಹೆಗಲಿಗೆ ಸ್ಪ್ಯಾನರುಗಳ ಚೀಲ ಹಾಕಿಕೊಂಡು, ಏದುಸಿರು ಬಿಡುತ್ತ, ಗೋಡೆ ಹಿಡಿದು ಹಿಡಿದು ಮೆಟ್ಟಿಲು ಹತ್ತುವುದನ್ನು ಆ ಕಟ್ಟಡದ ಮುದುಕಿಯೊಬ್ಬಳು ಕಂಡಳು. ಕಂಡವಳು ಸುಮ್ಮನಿರದೆ ಮನೆಮನೆಯ ಬಾಗಿಲು ಬಡಿದು, "ಲಿಫ್ಟಣ್ಣನೇ ಹತ್ತುತ್ತಾ ಇಲ್ಲ, ನೀವ್ಯಾರೂ ಲಿಫ್ಟ್ ಹತ್ತಬೇಡಿ" ಎಂದು ಸಾರಿಬಿಟ್ಟಳು. ಸಂಜೆಯೊಳಗೆ ಕಂಪನಿಗೆ ದೂರು ಹೋಯಿತು.

"ಏನಪ್ಪಾ ಅದು? ರೋಪ್ ಸವೆದಿದ್ಯಾ?" ಎಂದು ಮ್ಯಾನೇಜರು ಫೋನಿನಲ್ಲೇ ಕಿರುಚಿದ.

"ರೋಪ್ ಚೆನ್ನಾಗಿದೆ ಸಾರ್. ನಾನು ಸವೀಲಿ ಅಂತ ಹತ್ತುತ್ತಾ ಇದೀನಿ."

ಮ್ಯಾನೇಜರಿಗೆ ನಗು ಬರಲಿಲ್ಲ. ಸವೆಯುವುದಿದ್ದರೆ ಜನರ ಕಣ್ಣಿಗೆ ಬೀಳದ ಹಾಗೆ ಸವೆ ಎಂದು ಫೋನಿಟ್ಟ. ಅಂದಿನಿಂದ ಲಿಫ್ಟಣ್ಣ ಎಲ್ಲರ ಎದುರಿಗೆ ಲಿಫ್ಟಿನೊಳಗೆ ಹೋಗಿ, ಒಂದನೇ ಮಹಡಿಯಲ್ಲಿ ಇಳಿದು, ಅತ್ತಿತ್ತ ನೋಡಿ, ಕಳ್ಳನ ಹಾಗೆ ಮೆಟ್ಟಿಲಿನ ಕಡೆ ಜಾರಿಕೊಳ್ಳತೊಡಗಿದ. ಮೈ ಕರಗಿಸುವುದಕ್ಕೂ ಕದ್ದುಮುಚ್ಚಿ ಓಡಾಡಬೇಕಾದ ಗತಿ ಬಂತಲ್ಲ ಎಂದು ಪ್ರತಿ ಮಹಡಿಯಲ್ಲೂ ಅವನಿಗೆ ಮೈ ಉರಿಯುತ್ತಿತ್ತು.

ಮೆಟ್ಟಿಲು ಹತ್ತುವುದು ಅವನಿಗೇನು ಹುಚ್ಚೇ? ತಂಗಿಯ ಲಿವರ್ ಕೈಕೊಟ್ಟಿತ್ತು. ಬದುಕಿನಲ್ಲಿ ಒಂದು ಹನಿ ಹೆಂಡ ಮುಟ್ಟದವಳು, ಹೊಲಿಗೆ ಯಂತ್ರದ ಮುಂದೆ ಕೂತು ನಾಲ್ಕು ಮನೆಯವರ ಬಟ್ಟೆ ರಿಪೇರಿ ಮಾಡಿಕೊಂಡು ತನ್ನ ಪಾಡಿಗೆ ತಾನಿದ್ದವಳು. ಕಾಯಿಲೆ ಅದನ್ನೆಲ್ಲ ವಿಚಾರಿಸಿಕೊಂಡು ಬರುವುದಿಲ್ಲ. ಅವಳ ಕಣ್ಣು ಹಳದಿಯಾಯಿತು, ಕಾಲು ಊದಿಕೊಂಡಿತು, ಬೇರೊಬ್ಬರ ಲಿವರಿನ ತುಂಡು ಜೋಡಿಸಿದರಷ್ಟೇ ಉಳಿಯುತ್ತಾಳೆ ಎಂದು ಡಾಕ್ಟರು ಹೇಳಿದರು. ಲಿಫ್ಟಣ್ಣನ ಹೆಂಡತಿಯ ರಕ್ತದ ಗುಂಪು ಹೊಂದಲಿಲ್ಲ. ಅಪ್ಪ ಅಮ್ಮ ಇಬ್ಬರೂ ತಂಗಿ ಶಾಲೆಗೆ ಸೇರುವ ಮೊದಲೇ ಹೋಗಿಬಿಟ್ಟಿದ್ದರು. ಅವಳನ್ನು ಸಾಕಿದವನು ಇವನೇ, ಈಗ ಕೊಡಬಹುದಾದವನೂ ಇವನೊಬ್ಬನೇ. ಎಲ್ಲ ಪರೀಕ್ಷೆಯಲ್ಲೂ ಇವನದು ಸರಿಹೊಂದಿತು, ಒಂದನ್ನು ಬಿಟ್ಟು.

"ನಿಮ್ಮ ಲಿವರ್ ತುಂಬ ಕೊಬ್ಬು" ಎಂದರು ಡಾಕ್ಟರು.

"ಲಿವರಲ್ಲಿ ಮಾತ್ರಾನಾ ಡಾಕ್ಟ್ರೇ?" ಎಂದಳು ಪಕ್ಕದಲ್ಲಿದ್ದ ಹೆಂಡತಿ. ಅಳುವ ಹೊತ್ತಿನಲ್ಲೂ ಅವಳು ಇಂಥ ಅವಕಾಶ ಬಿಟ್ಟವಳಲ್ಲ.

ಆ ಕೊಬ್ಬು ಕರಗಿದರೆ ತುಂಡು ತೆಗೆಯಬಹುದು, ಕರಗದಿದ್ದರೆ ಇಲ್ಲ. ಆಸ್ಪತ್ರೆಯ ಡಯಟಿಷಿಯನ್ ಹುಡುಗಿ ಎಣ್ಣೆ ಬೇಡ, ಬೆಣ್ಣೆ ಬೇಡ, ಸಕ್ಕರೆಯ ಸುದ್ದಿಯೇ ಬೇಡ ಎಂದು ಹೇಳಿ, "ಆದ್ರೆ ಮನೇಲೇ ಬಿಸಿಬಿಸಿಯಾಗಿ ಮಾಡ್ಕೊಳಿ, ಮನಸ್ಸಿಗೆ ಹಿತವಾಗೋ ಅಂಥದ್ದು" ಎಂದು ನಕ್ಕಳು. ಎಣ್ಣೆ ಬೆಣ್ಣೆ ಇಲ್ಲದೆ ಮನಸ್ಸಿಗೆ ಹಿತವಾಗುವುದು ಹೇಗೆಂದು ಮಾತ್ರ ಅವಳು ಹೇಳಲಿಲ್ಲ.

ಹೆಂಡತಿಯ ಕೈ ಎಣ್ಣೆಯ ವಿಷಯದಲ್ಲಿ ತೀರ ಧಾರಾಳ. ಆದ್ದರಿಂದ ಲಿಫ್ಟಣ್ಣ ಅಡುಗೆಮನೆಯನ್ನೇ ವಶಪಡಿಸಿಕೊಂಡ. ಸಿಹಿಗುಂಬಳ, ಬೇಳೆ, ನಾಲ್ಕು ಎಸಳು ಬೆಳ್ಳುಳ್ಳಿ ಹಾಕಿ ಬೇಯಿಸಿ, ಕಡೆದು, ದಿನವೂ ಒಂದು ಪಾತ್ರೆ ಸೂಪು ಮಾಡತೊಡಗಿದ. ತಂಗಿಗೂ ಅದೇ, ತನಗೂ ಅದೇ. ಮೊದಲ ಕೆಲವು ದಿನ ಅದು ಗೋಡೆಗೆ ಬಳಿಯುವ ಪುಟ್ಟಿಯ ಹಾಗಿರುತ್ತಿತ್ತು. ಹೆಂಡತಿ ಪಾತ್ರೆಯೊಳಗೆ ಇಣುಕಿ ಮೂಗು ಮುರಿದಳು. "ಇದನ್ನ ತಿಂದು ಸಣ್ಣಗಾಗೋದಲ್ಲ ರೀ, ನೋಡಿದ್ರೇ ಸಣ್ಣಗಾಗ್ತಾರೆ."

ತಂಗಿ ಮಾತ್ರ ತಕರಾರಿಲ್ಲದೆ ತಿಂದಳು. "ಚಿಕ್ಕವಳಿದ್ದಾಗಿಂದ ಇದೇ ರುಚಿ. ನಂಗೆ ಅಭ್ಯಾಸ ಇದೆ."

ಆದರೂ ಕೆಲಸ ಆಗುತ್ತಿತ್ತು. ಒಂದು ದಿನ ಏಳನೇ ಮಹಡಿಯ ತಿರುವಿನಲ್ಲಿ ಲಿಫ್ಟಣ್ಣನ ಪ್ಯಾಂಟು ತಾನಾಗಿ ಜಾರಿತು. ಇನ್ನೊಬ್ಬನಾಗಿದ್ದರೆ ನಾಚಿಕೊಳ್ಳುತ್ತಿದ್ದ. ಇವನು ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಗೆದ್ದು ಬಂದವನ ಹಾಗೆ ಮನೆಗೆ ಬಂದು ತಂಗಿಯ ಮುಂದೆ ನಿಂತ. ಅವಳು ಟೇಪು ಹಿಡಿದು ಸೊಂಟ ಅಳೆದಳು. ನಂಬಿಕೆಯಾಗದೆ ಮತ್ತೊಮ್ಮೆ ಅಳೆದಳು.

"ನಿಜವಾಗ್ಲೂ ಇಳೀತಿದೀಯಲ್ಲ" ಎಂದಳು.

"ಮತ್ತೆ? ಸುಮ್ನೆ ಹತ್ತುತ್ತಾ ಇದೀನಾ?"

ಶಹಬ್ಬಾಸ್ ಎನ್ನುತ್ತಾಳೇನೋ ಎಂದು ಅವನು ಕಾದ. ಅವಳು ತಲೆ ತಗ್ಗಿಸಿ ಪ್ಯಾಂಟಿನ ಹೊಲಿಗೆ ಬಿಚ್ಚಲು ಕೂತಳು. ಕಾಯಿಲೆಯವಳು, ಸುಸ್ತಾಗಿದೆ ಎಂದು ಅವನು ಒಳಗೆ ಹೋದ.

ಆ ವಾರದಿಂದಲೇ ಅವನ ಅಡುಗೆಗೆ ರುಚಿ ಬಂತು. ಅದೇ ಕುಂಬಳ, ಅದೇ ಬೇಳೆ, ಆದರೆ ನಾಲಿಗೆಯ ಮೇಲೆ ನಯವಾಗಿ ಇಳಿಯುತ್ತಿತ್ತು. ಬೆಳ್ಳುಳ್ಳಿಯನ್ನು ಸುಟ್ಟು ಹಾಕಿದ್ದರಿಂದ ಇರಬೇಕು ಎಂದುಕೊಂಡ. ಮರುದಿನ ಸಣ್ಣ ಉರಿಯಲ್ಲಿ ಇಟ್ಟಿದ್ದರಿಂದ ಇರಬೇಕು ಎಂದುಕೊಂಡ. ಸೂಪು ಒಲೆಯ ಮೇಲಿರುವಾಗ ಅವನು ತಮ್ಮ ಕಟ್ಟಡದ ಮೆಟ್ಟಿಲನ್ನೇ ನಾಲ್ಕು ಸಲ ಹತ್ತಿ ಇಳಿಯುತ್ತಿದ್ದ. ತಳ ಹಿಡಿಯದ ಹಾಗೆ ತಂಗಿ ಆಗಾಗ ಎದ್ದು ಕೈಯಾಡಿಸುತ್ತಿದ್ದಳು, ತನ್ನ ಪಾಲನ್ನು ಮೊದಲೇ ಬಡಿಸಿಕೊಂಡು ಕುಡಿದು ಮಲಗುತ್ತಿದ್ದಳು. ಹತ್ತಿ ಇಳಿದು ಬಂದ ಬೆವರಿನ ಮೈಗೆ ಆ ಬಿಸಿ ಸೂಪು ಎಂಥ ಸುಖ ಕೊಡುತ್ತಿತ್ತೆಂದರೆ, ಡಯಟಿಷಿಯನ್ ಹುಡುಗಿ ಹೇಳಿದ 'ಹಿತ' ಇದೇ ಎಂದು ಅವನಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಹೆಂಡತಿಯ ತಾಯಿ ಬಂದಿಳಿದರು. ಅಳಿಯ ಮಾಡಿದ ಯಾವ ಕೆಲಸವನ್ನೂ ಇದುವರೆಗೆ ಒಳ್ಳೆಯದೆಂದು ಹೇಳಿದವರಲ್ಲ. ಅವರು ಪಾತ್ರೆಯಿಂದ ಒಂದು ಸೌಟು ಬಡಿಸಿಕೊಂಡು, ಕುಡಿದು, ಇನ್ನೊಂದು ಸೌಟು ಬಡಿಸಿಕೊಂಡರು. "ಸುಳ್ಳು ಯಾಕೆ ಹೇಳ್ಲಿ ಅಳಿಯಂದಿರೇ, ನಿಮಗೆ ಕೈರುಚಿ ಬಂದಿದೆ."

ಅಲ್ಲಿಗೆ ಮುಗಿಯಿತು. ಲಿಫ್ಟಣ್ಣನನ್ನು ಹಿಡಿಯುವವರೇ ಇಲ್ಲವಾದರು. ಹೆಂಡತಿಗೆ ಸೌಟು ಹಿಡಿಯುವುದು ಹೇಗೆಂದು ಹೇಳಿಕೊಟ್ಟ. ಜೊತೆ ಕೆಲಸದವರಿಗೆ ಲಿಫ್ಟಿನ ತಳದ ಗುಂಡಿಯೊಳಗೆ ನಿಂತುಕೊಂಡೇ ಬೇಳೆ ಬೇಯಿಸುವ ಗುಟ್ಟು ವಿವರಿಸಿದ. "ಎಣ್ಣೆ ಹಾಕಿ ರುಚಿ ಬರಿಸೋದು ಯಾರಿಗೆ ಬರಲ್ಲ? ಇರೋದೆಲ್ಲ ಕೈಯಲ್ಲಿ" ಎಂದು ಎದೆಯುಬ್ಬಿಸಿಕೊಂಡು ಓಡಾಡಿದ. ಇವನ ಲಿವರಿನ ಕೊಬ್ಬು ಇಳಿದು ತಲೆಗೇರಿದೆ ಎಂದಳು ಹೆಂಡತಿ.

ಇಳಿದಿರಲಿಲ್ಲ. ಆಸ್ಪತ್ರೆಯ ತೂಕದ ಯಂತ್ರದ ಮುಳ್ಳು ಹಿಂದಿನ ಸಲ ಎಲ್ಲಿತ್ತೋ ಅಲ್ಲೇ ನಿಂತಿತು. ಅದರ ಮುಂದಿನ ಸಲ ಒಂದಿಷ್ಟು ಮುಂದಕ್ಕೇ ಹೋಯಿತು. ಡಯಟಿಷಿಯನ್ ಹುಡುಗಿ ಹುಬ್ಬೇರಿಸಿದಳು.

"ಹೊರಗಡೆ ಏನಾದ್ರೂ ತಿಂತೀರಾ ಸರ್? ಹೇಳ್ಬಿಡಿ, ನಾನೇನೂ ಅಂದ್ಕೊಳಲ್ಲ."

"ನೀರು ಬಿಟ್ರೆ ಹೊರಗಡೆ ಏನೂ ಮುಟ್ಟಿಲ್ಲ!"

"ಎಲ್ರೂ ಹೀಗೇ ಹೇಳ್ತಾರೆ" ಎಂದು ಅವಳು ಏನೋ ಬರೆದುಕೊಂಡಳು. ಸ್ವಂತ ತಂಗಿಯ ಪ್ರಾಣದ ವಿಷಯದಲ್ಲಿ ಕದ್ದು ತಿನ್ನುವವನೆಂದು ತನ್ನನ್ನು ತಿಳಿದಳಲ್ಲ ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅದಕ್ಕಿಂತ ಕೆಟ್ಟದ್ದು ಡಾಕ್ಟರ ಕೋಣೆಯಲ್ಲಿ ಕಾದಿತ್ತು. ತಂಗಿಯ ಹತ್ತಿರ ಹೆಚ್ಚು ಸಮಯವಿಲ್ಲ, ಬರುವ ತಿಂಗಳು ಕೊನೆಯ ಸಲ ಸ್ಕ್ಯಾನ್ ಮಾಡುತ್ತೇವೆ, ಆಗಲೂ ಹೀಗೇ ಇದ್ದರೆ ನಿಮ್ಮದನ್ನು ತೆಗೆಯಲಾಗುವುದಿಲ್ಲ ಎಂದರು. ಬೇರೆ ದಾರಿ ಏನಿದೆ ಎಂದು ಅವನು ಕೇಳಲಿಲ್ಲ. ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವನು ಹಲ್ಲುಕಚ್ಚಿ ಇನ್ನಷ್ಟು ಹತ್ತಿದ. ಮಂಡಿ ಕಟಕಟ ಎನ್ನತೊಡಗಿತು. ಬೇರೆಲ್ಲ ಬಿಟ್ಟು ಬರೀ ಸೂಪನ್ನೇ ಕುಡಿದ, ಹಸಿವಾದರೆ ಇನ್ನೊಂದು ಬಟ್ಟಲು ಕುಡಿದ. ಮುಳ್ಳು ಮಾತ್ರ ಜಗ್ಗಲಿಲ್ಲ. ಮೆಟ್ಟಿಲನ್ನು ಬೈದ, ತೂಕದ ಯಂತ್ರವನ್ನು ಬೈದ, ಹುಟ್ಟಿಸಿದ ಅಪ್ಪನ ಹೊಟ್ಟೆಯನ್ನೂ ಬೈದ.

ಒಂದು ಭಾನುವಾರ ಬೆಳಗ್ಗೆ ಸೂಪನ್ನು ಬಟ್ಟಲಿಗೆ ಬಡಿಸಿಕೊಂಡು ಕೂತಿದ್ದಾಗಲೇ ಫೋನು ಬಂತು. ಯಾರೋ ಲಿಫ್ಟಿನೊಳಗೆ ಸಿಕ್ಕಿಬಿದ್ದಿದ್ದರು. ಬಟ್ಟಲನ್ನು ಹಾಗೇ ಫ್ರಿಜ್ಜಿನಲ್ಲಿಟ್ಟು ಓಡಿದ. ಮಧ್ಯಾಹ್ನ ಹಸಿದು ಬಂದು ಬಟ್ಟಲು ತೆಗೆದು ನೋಡಿದರೆ, ಸೂಪಿನ ಮೇಲೆ ಗಟ್ಟಿ ಹಳದಿ ಪದರ ಹೆಪ್ಪುಗಟ್ಟಿ ಕೂತಿತ್ತು. ಚಮಚದಿಂದ ಕುಟ್ಟಿದ. ಬಿರುಕು ಬಿಟ್ಟಿತು. ಒಂದು ಚೂರು ನಾಲಿಗೆಗಿಟ್ಟ. ಬೆಣ್ಣೆ.

ಅವನ ಕೂಗಿಗೆ ಅತ್ತೆ ನಿದ್ದೆಯಿಂದ ಎದ್ದು ಬಂದರು. "ನಿಮ್ಮ ಕೆಲಸಾನೇ ಇದು! ಅಳಿಯ ಸೊರಗಿದಾನೆ ಅಂತ ಬೆಣ್ಣೆ ಸುರೀತಿದೀರಾ?"

"ನಾನಾ?" ಅತ್ತೆಯ ಧ್ವನಿ ಅವನದಕ್ಕಿಂತ ಮೇಲೆ ಹೋಯಿತು. "ನನಗೆ ಹಾಕೋದಿದ್ರೆ ನಿಮ್ಮ ಎದುರಿಗೇ ಹಾಕ್ತಿದ್ದೆ, ತಿನ್ನೋವರೆಗೂ ಎದುರಿಗೇ ನಿಂತಿರ್ತಿದ್ದೆ. ಕದ್ದು ಹಾಕೋ ಗ್ರಹಚಾರ ನನಗೇನು?"

ಅದು ನಿಜ. ಅತ್ತೆ ಯಾವುದನ್ನೂ ಕದ್ದು ಮಾಡಿದವರಲ್ಲ. ಅವನು ಹೆಂಡತಿಯ ಕಡೆ ತಿರುಗಿದ.

"ನನ್ನನ್ನ ಯಾಕ್ರೀ ನೋಡ್ತೀರಾ? ಒಲೆ ಹತ್ರ ನನ್ನ ಬಿಟ್ಟಿದೀರಾ ನೀವು? ಇಷ್ಟು ದಿನ ಬೆಣ್ಣೆ ತಿಂದು ನಿಮ್ಮ ನಾಲಿಗೆಗೆ ಗೊತ್ತಾಗ್ಲಿಲ್ವಾ?"

ಕೈರುಚಿ ಎಂಬುದು ಬಟ್ಟಲಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಆಗ ಹೊರಗಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು.

"ನಾನು ಹಾಕಿದ್ದು" ಎಂದಳು ತಂಗಿ.

ಅತ್ತೆ ಮಗಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಲಿಫ್ಟಣ್ಣ ಬಟ್ಟಲು ಹಿಡಿದುಕೊಂಡೇ ತಂಗಿಯ ಎದುರಿಗೆ ಬಂದು ನಿಂತ. ಅವಳ ಮಡಿಲಲ್ಲಿ ಯಾರದೋ ಅಂಗಿಯ ತೋಳಿತ್ತು.

"ನಿನ್ನ ಪ್ಯಾಂಟು ಹಿಡಿದು ಹೊಲಿದ ದಿನ ಹೆದರಿಕೆ ಆಯ್ತು" ಎಂದಳು. "ಅಲ್ಲೀವರೆಗೆ ನಿನ್ನ ಕೈಲಿ ಎಲ್ಲಿ ಆಗತ್ತೆ ಅಂದ್ಕೊಂಡಿದ್ದೆ."

"ನಾನು ಇಲ್ಲಿ ಮಂಡಿ ಸವೆಸ್ಕೊಂಡು ಸಾಯ್ತಾ ಇದೀನಿ. ಆ ಹುಡುಗಿ ಹತ್ರ ಕಳ್ಳ ಅನ್ನಿಸ್ಕೊಂಡೆ. ಎಲ್ಲಾ ಮಣ್ಣುಪಾಲು! ಯಾಕೆ ಹೀಗೆ ಮಾಡ್ದೆ?"

"ನನ್ನ ಸಾಕಿದ್ದು ಸಾಕು ಅಣ್ಣ. ಅನ್ನ ಹಾಕ್ದೆ, ಓದಿಸ್ದೆ, ಈಗ ಹೊಟ್ಟೆ ಕುಯ್ಸ್ಕೋತೀನಿ ಅಂತೀಯ. ಆ ಟೇಬಲ್ ಮೇಲೆ ನಿಂಗೇನಾದ್ರೂ ಆದ್ರೆ ನಿನ್ನ ತುಂಡು ಇಟ್ಕೊಂಡು ನಾನು ಹೇಗಿರ್ಲಿ? ಅತ್ತಿಗೆ ಮುಖ ಹೇಗೆ ನೋಡ್ಲಿ? ನಿಂಗೆ ಹೆದರಿಕೆ ಇಲ್ವಾ?"

"ಇದೆ" ಎಂದು ಅವನು ಕಿರುಚಿದ. ಕಿರುಚಿದ ಮೇಲೆ ಧ್ವನಿ ತಾನಾಗಿ ಇಳಿಯಿತು. "ಮುಳ್ಳು ಅಲ್ಲಾಡದೇ ಇದ್ದಾಗ ಒಂದು ಗಳಿಗೆ ನಂಗೂ ಹಾಯಾಯ್ತು. ಹಾಯಾಯ್ತಲ್ಲ ಅಂತ ನಾಚ್ಕೆ ಆಗಿ ಇನ್ನೊಂದ್ಸಲ ಹತ್ತಿದೆ."

ಅವನ ಸಿಟ್ಟು ಮಾತ್ರ ಇನ್ನೂ ದಾರಿ ಹುಡುಕುತ್ತಿತ್ತು.

"ನಿಂಗೆ ಬೇಡ ಅನ್ಸಿದ್ರೆ ಡಾಕ್ಟರಿಗೆ ಒಂದು ಮಾತು ಹೇಳಿದ್ರೆ ಮುಗೀತಿತ್ತು. ನೀನು ಒಪ್ಪದೇ ಇದ್ರೆ ಅವರು ನನ್ನ ಮುಟ್ಟೋದೂ ಇಲ್ಲ. ಅದು ಬಿಟ್ಟು ಈ ಬೆಣ್ಣೆ ಆಟ ಯಾಕೆ? ಯಾಕೆ ಹೇಳ್ಲಿಲ್ಲ?"

"ಹೇಳೋಣ ಅಂತಾನೇ ಹೋಗಿದ್ದೆ. ಹೋದ ತಿಂಗಳು ನೀನು ಸ್ಕ್ಯಾನಿಗೆ ಹೋಗಿದ್ದಾಗ ಅವರ ಕೋಣೆಗೆ ಹೋದೆ. ಅವರು ಏನಮ್ಮಾ ಅಂದ್ರು."

"ಏನಂದೆ?"

"ಕಾಲು ನೋವು ಅಂದೆ." ಅವಳು ಆ ಅಂಗಿಯ ತೋಳನ್ನು ಮುದ್ದೆ ಮಾಡಿ ಮುಖಕ್ಕೆ ಒತ್ತಿಕೊಂಡಳು. ಮಾತು ಬಟ್ಟೆಯೊಳಗಿಂದ ಬಂತು. "ಬಾಯಿ ಬರ್ಲಿಲ್ಲ ಅಣ್ಣ. ನಂಗೆ ಬದುಕ್ಬೇಕು."

ಲಿಫ್ಟಣ್ಣ ಬಟ್ಟಲನ್ನು ಯಂತ್ರದ ಮೇಲಿಟ್ಟು, ಅವಳ ಪಕ್ಕದಲ್ಲಿ ನೆಲದ ಮೇಲೆ ಕುಸಿದು ಕೂತ. ಕೂರುವಾಗ ಮಂಡಿ ಕಟಕ್ಕೆಂದಿತು. ಆದರೂ ಬೈಯುವುದನ್ನು ನಿಲ್ಲಿಸಲು ಅವನಿಂದಾಗಲಿಲ್ಲ.

"ಅಷ್ಟು ಹೇಳೋದಕ್ಕೆ ಇಷ್ಟು ಬೆಣ್ಣೆ ಬೇಕಾಯ್ತಾ ನಿಂಗೆ?" ಎಂದ.