ಹನುಮಂತಮ್ಮನ ಹೆಬ್ಬೆಟ್ಟು

ಮಗ ಸತ್ತ ಮೇಲೆ ಮಸರಕಲ್ಲಿನ ಹನುಮಂತಮ್ಮನಿಗೆ ಸನ್ಮಾನದ ಶಾಲುಗಳು ಬಂದವು, ಒಂದಲ್ಲ ಎರಡಲ್ಲ, ಹನ್ನೊಂದು. ಹೊದ್ದುಕೊಳ್ಳಲು ಈ ಸೀಮೆಯಲ್ಲಿ ಅಂಥ ಚಳಿಯಾದರೂ ಎಲ್ಲಿದೆ? ಟ್ರಂಕು ತುಂಬಿದ ಮೇಲೆ ಬಂದವು ಜೋಳದ ಚೀಲದ ಮೇಲೆ ಬಿದ್ದಿದ್ದವು.

ಒಬ್ಬನೇ ಮಗ ತಿರುಪತಿ, ಸೈನ್ಯದಲ್ಲಿ ಅಡುಗೆಯವನಾಗಿದ್ದ. ಎರಡು ವರ್ಷದ ಹಿಂದೆ ಚೀನಾ ಗಡಿಯ ಬೆಟ್ಟದಲ್ಲಿ ಹಿಮ ಕುಸಿದು ಸತ್ತ. ಪೆಟ್ಟಿಗೆ ತೆರೆಯಬೇಡಿ ಎಂದಿದ್ದರು, ತೆರೆಯಲಿಲ್ಲ. ಮುಖ ನೋಡದೆ ಮಣ್ಣು ಮಾಡಿದ್ದಕ್ಕೋ ಏನೋ, ಆಕೆಗೆ ಅಳು ಬರಲಿಲ್ಲ. ಹತ್ತಿ ಬಿಡಿಸಲು ಹೋದಳು, ರೊಟ್ಟಿ ಬಡಿದಳು, ಕರೆದಲ್ಲಿ ಹೋಗಿ ಕುರ್ಚಿಯ ಮೇಲೆ ಕೂತಳು. ಯಾವುದೂ ಒಳಗೆ ಇಳಿಯುತ್ತಿರಲಿಲ್ಲ.

ಕರೆಯುತ್ತಿದ್ದವರು ಮಾನ್ವಿಯ ಅಕ್ಕಿ ಗಿರಣಿಯ ಬಸವಪ್ರಸಾದ ಸಾಹುಕಾರರು. ಮನುಷ್ಯ ಕೆಟ್ಟವರೇನಲ್ಲ, ಮೈಕು ಸಿಕ್ಕರೆ ಮಾತ್ರ ಹಿಡಿಯುವವರಿಲ್ಲ. ಚೀನಾದ ಜತೆ ಯುದ್ಧ ಇಂದೋ ನಾಳೆಯೋ ಎಂದು ಟೀವಿಯವರು ಕೂಗಲು ಶುರುಮಾಡಿದ ಮೇಲಂತೂ ವಾರಕ್ಕೊಂದು ಸಭೆ. ಇನ್ನೊಬ್ಬ ಮಗನಿದ್ದರೆ ಅವನನ್ನೂ ಕಳಿಸುತ್ತಿದ್ದೆ ಅನ್ನುತ್ತಾಳೆ ಈ ತಾಯಿ, ಎಂದು ಸಾರುತ್ತಿದ್ದರು. ಆಕೆ ಎಂದೂ ಹಾಗೆ ಅಂದಿರಲಿಲ್ಲ. ಜನ ಚಪ್ಪಾಳೆ ತಟ್ಟುತ್ತಿದ್ದರು, ಆಕೆ ಹೊದಿಸಿದ ಶಾಲು ಮಡಚಿಟ್ಟುಕೊಳ್ಳುತ್ತಿದ್ದಳು. ಈಗ ಸಾಹುಕಾರರು ಮಾನ್ವಿಯ ಸರ್ಕಲ್ಲಿನಲ್ಲಿ ತಿರುಪತಿಯ ಮೂರ್ತಿ ನಿಲ್ಲಿಸಲು ಹೊರಟಿದ್ದರು. ಅದೊಂದು ಮಾತ್ರ ಹನುಮಂತಮ್ಮನಿಗೆ ಬೇಕೆನಿಸಿತ್ತು. ಸಂತೆಗೆ ಹೋದಾಗಲಾದರೂ ಮಗ ಕಣ್ಣಿಗೆ ಬೀಳುತ್ತಾನಲ್ಲ.

ಅಷ್ಟರಲ್ಲಿ ರಾಯಚೂರಿನಿಂದ ಜಬೀನ್ ಬಂದಳು. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವವಳು. ಕೈಯಲ್ಲೊಂದು ಮನವಿ: ಎರಡೂ ದೊಡ್ಡ ದೇಶಗಳು ಕೂತು ಮಾತಾಡಲಿ, ಹೊಡೆದಾಟ ಬೇಡ ಎಂದು. ಅದಕ್ಕೆ ಹೆಂಗಸರ ಸಹಿ ಕೂಡಿಸಲು ದೇವದುರ್ಗದ ಮಹಿಳಾ ಸಂಘಗಳನ್ನೆಲ್ಲ ಸುತ್ತಿ ಬಂದಿದ್ದಳು.

“‘ಮಸರಕಲ್ ಹನುಮಂತಮ್ಮ ಮೊದ್ಲು ಹೆಬ್ಬೆಟ್ಟು ಒತ್ತಲಿ, ಆಮ್ಯಾಲ ನಾವು’ ಅಂತಾರ ಯವ್ವಾ. ಜಾಲಹಳ್ಳ್ಯಾಗ ಬೂದೆಮ್ಮನ ಮಗ ಮೊನ್ನಿ ಸೈನ್ಯಕ್ಕ ಹೋಗ್ಯಾನ. ಆಕಿನೂ ಹಂಗ ಅಂದ್ಲು.”

“ಒತ್ತಿದ್ರ ಯುದ್ಧ ನಿಲ್ತದೇನು?”

“ಗೊತ್ತಿಲ್ಲ. ನಿನಗ್ಯಾಕ ಸುಳ್ಳು ಹೇಳ್ಲಿ?”

ವಿಚಾರ ಮಾಡಿ ಹೇಳುತ್ತೇನೆಂದು ಹನುಮಂತಮ್ಮ ಅವಳನ್ನು ಕಳಿಸಿದಳು. ಸುದ್ದಿ ಮಾನ್ವಿ ಮುಟ್ಟಲು ಎಷ್ಟು ಹೊತ್ತು? ಮರುದಿನವೇ ಸಾಹುಕಾರರ ಫೋನು.

“ಆ ಕಾಗದಕ್ಕ ಹೆಬ್ಬೆಟ್ಟು ಒತ್ತಿದ್ರ ಮೂರ್ತಿ ಮಾತು ಮರ್ತುಬಿಡು, ಹನುಮಂತಮ್ಮ. ಯುದ್ಧ ಬ್ಯಾಡ ಅನ್ನಾಕಿ ಮಗನ್ನ ಸರ್ಕಲ್‌ನ್ಯಾಗ ಹ್ಯಾಂಗ ನಿಲ್ಲಸೋದು? ಒಮ್ಮಿ ಬಂದು ನೋಡು. ನಿನಗ ತಿಳೀತದ.”

ಮೂರ್ತಿ ಗಿರಣಿಯ ಗೋದಾಮಿನಲ್ಲಿ ಅಕ್ಕಿ ಚೀಲಗಳ ನಡುವೆ ನಿಂತಿತ್ತು. ಸಾಹುಕಾರರೇ ಬಟ್ಟೆ ಸರಿಸಿದರು. ಮೀಸೆ ತಿರುಪತಿಯದಲ್ಲ, ಪಾಪ ಅವನಿಗೆ ಮೀಸೆ ನೆಟ್ಟಗೆ ಬಂದೇ ಇರಲಿಲ್ಲ. ಎದೆ ಯಾರೋ ಪೈಲ್ವಾನನದು. ಸೌಟು ಹಿಡಿದವನ ಕೈಗೆ ಬಂದೂಕು ಬೇರೆ. ಹನುಮಂತಮ್ಮನಿಗೆ ಒಂದು ರೀತಿ ನಿರಾಳವೇ ಆಯಿತು. ಈತನನ್ನು ಬಿಟ್ಟು ಹೋಗುವುದು ಕಷ್ಟವಲ್ಲ.

ಆಮೇಲೆ ಕಿವಿ ಕಂಡವು. ಎಡಗಿವಿ ಹೊರಕ್ಕೆ ಬಾಗಿದೆ, ಬಲಗಿವಿ ತುಸು ಸಣ್ಣದು. ಯಾವ ಫೋಟೋ ನೋಡಿ ಮಾಡಿದನೋ ಪುಣ್ಯಾತ್ಮ, ಅವೇ ಕಿವಿಗಳು. ತಲೆಗೆ ನೀರು ಹಾಕುವಾಗ ಓಡಿಹೋಗದಂತೆ ಆಕೆ ಹಿಡಿಯುತ್ತಿದ್ದ ಕಿವಿಗಳು. ಕೈ ತಾನಾಗಿಯೇ ಹೋಗಿ ಹಿಡಿಯಿತು. ಎರಡು ವರ್ಷದಲ್ಲಿ ಮೊದಲ ಸಲ ಆಕೆಗೆ ನೋವಾಯಿತು.

ಸಾಹುಕಾರರಿಗೆ ಗೆದ್ದೆನೆನಿಸಿತು. “ನೋಡು ಹ್ಯಾಂಗ ನಿಂತಾನ! ಇವನ್ನ ನೋಡಿ ಮಾನ್ವಿ, ದೇವದುರ್ಗದಿಂದ ನೂರು ಹುಡುಗ್ರು ಗಡಿಗೆ ಹೋಗ್ತಾರ.”

ಹನುಮಂತಮ್ಮನ ಕೈ ಇನ್ನೂ ಕಿವಿಯ ಮೇಲೇ ಇತ್ತು.

“ನೂರು ಮಂದೀನ್ನ ಕರಿಯಾಕ ನನ್ನ ಮಗನ್ನ ನಿಲ್ಲಸ್ತೀರೇನ್ರಿ ಸಾವ್ಕಾರ್ರ?”

“ಹಂಗಲ್ಲ ಯವ್ವಾ, ದೇಶ ಅಂದಮ್ಯಾಲ...”

“ಅಂವ ಮಂದೀನ್ನ ಕರೀತಿದ್ದದ್ದು ಉಣ್ಣಾಕ್ರಿ.”

ಬಟ್ಟೆಯನ್ನು ಆಕೆಯೇ ಎಳೆದು, ಮೊದಲು ಕಿವಿ ಮುಚ್ಚುವಂತೆ ಹೊದಿಸಿದಳು. ಒಂದು ಸಲ ಹಿಂತಿರುಗಿ ನೋಡಿದ್ದರೂ ಕಾಲು ಏಳುತ್ತಿರಲಿಲ್ಲವೇನೋ. ನೋಡಲಿಲ್ಲ. ನೇರ ನಡೆದು ರಾಯಚೂರಿನ ಬಸ್ಸು ಹತ್ತಿದಳು.

ಜಬೀನಳ ಹೊಲಿಗೆ ಕೋಣೆಯಲ್ಲಿ ಮನವಿಯ ಮೊದಲ ಸಾಲು ಖಾಲಿ ಇತ್ತು. ಹತ್ತಿ ಬಿಡಿಸಿ ಬಿಡಿಸಿ ಸವೆದ ಹೆಬ್ಬೆಟ್ಟು, ಗೆರೆಯೇ ಮೂಡಲಿಲ್ಲ. ಮೂರು ಸಲ ಒತ್ತಿದ ಮೇಲೆ ಒಂದು ನೀಲಿ ಕಲೆ ಬಿತ್ತು.

“ಸಾಕು ಯವ್ವಾ, ಬಂತು,” ಎಂದು ಜಬೀನ್ ಆಕೆಯ ಕೈ ಹಿಡಿದುಕೊಂಡಳು. “ನಾಳಿ ಇದನ್ನ ಬೂದೆಮ್ಮಗ ತೋರಸ್ತೀನಿ.”

ಹನುಮಂತಮ್ಮ ತಲೆಯಾಡಿಸಿದಳು. ಶಾಯಿ ಒರೆಸಿಕೊಳ್ಳಲು ಸೆರಗು ಹಿಡಿದವಳು ಒರೆಸಿಕೊಳ್ಳದೆ ಹಾಗೇ ಕೂತಳು.

“ಜಬೀನಾ, ನನ್ನ ಮಗನ್ನ ಅಲ್ಲೇ ಗೋದಾಮ್‌ನ್ಯಾಗ ಒಬ್ಬನ್ನ ಬಿಟ್ಟು ಬಂದೀನವ್ವಾ,” ಎಂದಳು.

ಎರಡು ವರ್ಷ ಬಾರದ ಅಳು ಆಗ ಬಂತು.